ಕಾಣದ ಕಿರಣದ ಅಳತೆ: ಪ್ಯಾರಿಸ್‌ನಿಂದ ವಿಶಾಖಪಟ್ಟಣದವರೆಗೆ

ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆಯುವುದನ್ನು ನಮ್ಮ ಆಡುಮಾತಿನಲ್ಲಿ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ನಾವು ನೆಲೆಸಿರುವ ಈ ಆಂಧ್ರದ ನೆಲದಲ್ಲೂ ‘ಕರೆಂಟು ಪೆಟ್ಟಡಂ’ ಎಂಬ ಮಾತೇ ಚಾಲ್ತಿಯಲ್ಲಿದೆ. ನಿಜವಾಗಿ ರೋಗಿಯ ಮೈಗೆ ಯಾವ ಕರೆಂಟೂ ಹರಿಯುವುದಿಲ್ಲ. ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಚರ್ಮಕ್ಕೆ ತಾಗಿದ್ದೂ ತಿಳಿಯದ ಕಿರಣವೊಂದು ಒಂದೆರಡು ನಿಮಿಷ ದೇಹವನ್ನು ಹಾದುಹೋಗುತ್ತದೆ, ಅಷ್ಟೇ. ರೋಗಿ ಎದ್ದು ಬರುತ್ತಾರೆ, ಮರುದಿನ ಮತ್ತೆ ಹೋಗುತ್ತಾರೆ.

ಔಷಧಿಯಾದರೆ ಮಾತ್ರೆಯ ಹಾಳೆಯ ಮೇಲೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಈ ಕಿರಣದ ಪ್ರಮಾಣವನ್ನು ಯಾರು ಅಳೆಯುತ್ತಾರೆ? ಅಳೆದದ್ದು ಸರಿ ಎಂದು ಹೇಳುವವರು ಯಾರು? ವಿಶಾಖಪಟ್ಟಣದ ಅಗನಂಪೂಡಿಯಲ್ಲಿ ಟಾಟಾ ಮೆಮೋರಿಯಲ್ ಸೆಂಟರ್‌ನ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ 2014ರಿಂದ ಕೆಲಸ ಮಾಡುತ್ತಿದೆ. ನಗರದ ಮಧ್ಯೆ 1923ರಿಂದ ಇರುವ ಕಿಂಗ್ ಜಾರ್ಜ್ ಆಸ್ಪತ್ರೆಯಿದೆ. ವಿಜಯವಾಡದಲ್ಲಿ ಬೆಂಗಳೂರು ಮೂಲದ ಎಚ್‌ಸಿಜಿ ಸಂಸ್ಥೆಯ ಕೇಂದ್ರದ ಹೆಸರಿನಲ್ಲೇ ಕ್ಯೂರಿ ಇದ್ದಾರೆ. ರಾಯಲಸೀಮೆಯ ಎಷ್ಟೋ ಕುಟುಂಬಗಳು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿ ಬರುತ್ತವೆ. ಈ ಎಲ್ಲ ಕಡೆಯೂ ಮೇಲಿನ ಪ್ರಶ್ನೆಗಳಿಗೆ ಉತ್ತರ ಒಂದೇ ದಾರಿಯಲ್ಲಿ ಬರುತ್ತದೆ. ಆ ದಾರಿಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ, ಅದರಲ್ಲಿ ಮಹಿಳೆಯರ ಪಾತ್ರ ದೊಡ್ಡದು. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಈ ವಿಷಯವನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ.

ಚರ್ಮವೇ ಮೀಟರ್ ಆಗಿದ್ದ ಕಾಲ

1895ರ ನವೆಂಬರ್ 8ರಂದು ಜರ್ಮನಿಯ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದರು. ಮರುವರ್ಷವೇ ವೈದ್ಯರು ಅದನ್ನು ಗೆಡ್ಡೆಗಳ ಮೇಲೆ ಪ್ರಯೋಗಿಸತೊಡಗಿದರು. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದ ಮೇಲೆ ಎರಡನೆಯ ಆಯುಧವೂ ಸಿಕ್ಕಿತು. ಆಯುಧ ಬಂದಿತು, ಆದರೆ ಅಳತೆ ಬರಲಿಲ್ಲ.

ಆಗಿನ ವೈದ್ಯರ ಅಳತೆ ಎಂದರೆ ರೋಗಿಯ ಚರ್ಮ. ಚರ್ಮ ಕೆಂಪಾಗುವಷ್ಟು ಕಿರಣ ಕೊಟ್ಟರೆ ಅದು ಒಂದು ‘ಡೋಸ್’. ಆದರೆ ಚರ್ಮ ಕೆಂಪಾಗುವುದು ತಕ್ಷಣವಲ್ಲ, ಎಷ್ಟೋ ದಿನಗಳ ನಂತರ. ಅಷ್ಟರಲ್ಲಿ ಹೆಚ್ಚಾಗಿದ್ದರೆ ಹಿಂದೆ ತೆಗೆದುಕೊಳ್ಳುವ ಮಾತೇ ಇಲ್ಲ. ಒಬ್ಬರ ಚರ್ಮದಂತೆ ಇನ್ನೊಬ್ಬರದ್ದು ಇರುವುದಿಲ್ಲ. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಕೆಲವರು ತಮ್ಮದೇ ಕೈಯನ್ನು ಕಿರಣಕ್ಕೆ ಒಡ್ಡುತ್ತಿದ್ದರು. ಹಾಗೆ ಬೆರಳು, ಕೈ, ಕೊನೆಗೆ ಪ್ರಾಣವನ್ನೂ ಕಳೆದುಕೊಂಡವರ ನೆನಪಿಗೆ 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಒಂದು ಸ್ಮಾರಕವನ್ನೇ ನಿಲ್ಲಿಸಿದರು.

1904ರಲ್ಲಿ ಫ್ರಾನ್ಸ್‌ನ ಸಬೂರೋ ಮತ್ತು ನುವಾರೆ ಎಂಬ ವೈದ್ಯರು ಬಣ್ಣ ಬದಲಿಸುವ ಪುಟ್ಟ ಬಿಲ್ಲೆಗಳನ್ನು ತಂದರು. ಕಿರಣ ಬಿದ್ದಂತೆ ಬಿಲ್ಲೆಯ ಬಣ್ಣ ಹಸಿರಿನಿಂದ ಕಂದಿನತ್ತ ತಿರುಗುತ್ತಿತ್ತು, ಅದನ್ನು ಮಾದರಿ ಬಣ್ಣದೊಂದಿಗೆ ಹೋಲಿಸಿ ನೋಡುತ್ತಿದ್ದರು. ರೋಗಿಯ ಚರ್ಮಕ್ಕಿಂತ ಇದು ವಾಸಿ. ಆದರೂ ನೋಡುವ ಕಣ್ಣು ಬದಲಾದರೆ ಅಳತೆಯೂ ಬದಲಾಗುತ್ತಿತ್ತು.

ಮೇರಿ ಕ್ಯೂರಿಯ ಗಾಜಿನ ಕೊಳವೆ

ಮೇರಿ ಕ್ಯೂರಿ ಎಂದರೆ ನಮಗೆ ಎರಡು ನೊಬೆಲ್ ಪ್ರಶಸ್ತಿಗಳ ನೆನಪು. ಅವರು ಮಾಡಿದ ಇನ್ನೊಂದು ಕೆಲಸ ಶಾಲಾ ಪುಸ್ತಕಗಳಲ್ಲಿ ಬರುವುದಿಲ್ಲ. 1911ರಲ್ಲಿ ಅವರು ಸುಮಾರು 22 ಮಿಲಿಗ್ರಾಂ ಶುದ್ಧ ರೇಡಿಯಂ ಕ್ಲೋರೈಡನ್ನು ತೂಗಿ, ಒಂದು ಪುಟ್ಟ ಗಾಜಿನ ಕೊಳವೆಯಲ್ಲಿ ಮುಚ್ಚಿ, ಇದು ಜಗತ್ತಿಗೆ ರೇಡಿಯಂನ ಮಾನಕ ಎಂದು ಸಿದ್ಧಪಡಿಸಿದರು. ಅಂಗಡಿಯ ತಕ್ಕಡಿಗೆ ಸರ್ಕಾರಿ ಮುದ್ರೆಯ ತೂಕದ ಕಲ್ಲು ಹೇಗೋ, ಇದೂ ಹಾಗೆ.

ರೇಡಿಯಂ ಕಂಡುಹಿಡಿದವರೇ ಮಾಡಿದ ಮಾನಕ. ಅದನ್ನು ಪ್ರಶ್ನಿಸುವವರು ಯಾರು ಎನಿಸಬಹುದು. ಆದರೆ ವಿಜ್ಞಾನಿಗಳು ಪ್ರಶ್ನಿಸಿದರು. ವಿಯೆನ್ನಾದಲ್ಲಿ ಸ್ಟೆಫಾನ್ ಮೇಯರ್ ಅವರ ಪ್ರಯೋಗಾಲಯದವರು ಸ್ವತಂತ್ರವಾಗಿ ತಮ್ಮದೇ ಮಾನಕಗಳನ್ನು ತಯಾರಿಸಿದ್ದರು. 1912ರ ಮಾರ್ಚ್‌ನಲ್ಲಿ ಎರಡನ್ನೂ ಪ್ಯಾರಿಸ್‌ನಲ್ಲಿ ಒಟ್ಟಿಗೆ ಇಟ್ಟು, ಹೊರಬರುವ ಗಾಮಾ ಕಿರಣವನ್ನು ಹೋಲಿಸಿದರು. ಎರಡೂ ಹೊಂದಿಕೊಂಡವು. ಆಮೇಲೆಯೇ ಕ್ಯೂರಿಯ ಕೊಳವೆಯನ್ನು ಅಂತರರಾಷ್ಟ್ರೀಯ ಮಾನಕವೆಂದು ಒಪ್ಪಿದರು. 1913ರಿಂದ ಅದು ಪ್ಯಾರಿಸ್ ಪಕ್ಕದ ಸೇವ್ರ್‌ನಲ್ಲಿರುವ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಕಚೇರಿಯಲ್ಲಿ ಇತ್ತು.

ಈ ಇಡೀ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು ಈ ಘಟನೆಯಲ್ಲೇ ಇದೆ. ಅಳೆದವರು ಎಷ್ಟೇ ದೊಡ್ಡವರಿರಲಿ, ಬೇರೊಬ್ಬರು ಬೇರೆ ದಾರಿಯಲ್ಲಿ ಅಳೆದು ಹೊಂದಿಕೆಯಾಗುವವರೆಗೆ ಆ ಅಂಕಿ ಚಿಕಿತ್ಸೆಗೆ ಸಾಲದು. ಮುಂದೆ ಈ ನಿಯಮ ಮುರಿದ ಕಡೆಯೆಲ್ಲ ಬೆಲೆ ತೆತ್ತವರು ರೋಗಿಗಳು.

ರಾಂಟ್ಜನ್‌ನಿಂದ ಗ್ರೇವರೆಗೆ

1925ರಲ್ಲಿ ಲಂಡನ್‌ನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ರೇಡಿಯಾಲಜಿ ಸಮ್ಮೇಳನದಲ್ಲಿ ವಿಕಿರಣದ ಏಕಮಾನಕ್ಕಾಗಿಯೇ ಒಂದು ಸಮಿತಿ ಹುಟ್ಟಿತು. 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ‘ರಾಂಟ್ಜನ್’ ಎಂಬ ಏಕಮಾನವನ್ನು ಒಪ್ಪಿದರು. ಇದರ ತಳಹದಿ ಸರಳ. ಕಿರಣವು ಗಾಳಿಯನ್ನು ಹಾದುಹೋಗುವಾಗ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತದೆ. ಆ ವಿದ್ಯುದಂಶವನ್ನು ಒಂದು ಡಬ್ಬಿಯಲ್ಲಿ ಸಂಗ್ರಹಿಸಿ ಎಣಿಸಿದರೆ ಎಷ್ಟು ಕಿರಣ ಬಂತೆಂದು ಲೆಕ್ಕ ಹಾಕಬಹುದು. ಈ ಡಬ್ಬಿಯ ಹೆಸರು ಅಯಾನ್ ಚೇಂಬರ್. ‘ಕರೆಂಟ್’ ಎಂಬ ಆಡುಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೆ ಅದು ಇಲ್ಲಿದೆ: ಕರೆಂಟ್ ಹರಿಯುವುದು ರೋಗಿಯಲ್ಲಲ್ಲ, ಅಳೆಯುವ ಉಪಕರಣದಲ್ಲಿ.

ಗಾಳಿಯಲ್ಲಿ ಅಳೆದದ್ದು ದೇಹದೊಳಗೆ ಎಷ್ಟಾಗುತ್ತದೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಈಡಿತ್ ಕ್ವಿಂಬಿ ಪ್ರಮುಖರು. 1919ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಗೆ ಸೇರಿದ ಈ ಭೌತವಿಜ್ಞಾನಿ, ರೇಡಿಯಂ ಸೂಜಿಗಳನ್ನು ಹೀಗೆ ಜೋಡಿಸಿದರೆ ಇಷ್ಟು ದೂರದಲ್ಲಿ ಇಷ್ಟು ಡೋಸ್ ಎಂಬ ಕೋಷ್ಟಕಗಳನ್ನು ಅಳತೆ ಮಾಡಿ ತಯಾರಿಸಿದರು. ಅಲ್ಲಿಯವರೆಗೆ ವೈದ್ಯರ ಅಂದಾಜಿಗೆ ಬಿಟ್ಟಿದ್ದ ಕೆಲಸಕ್ಕೆ ಅಂಕಿಯ ಆಧಾರ ಸಿಕ್ಕಿತು.

1953ರಲ್ಲಿ ದೇಹ ಹೀರಿಕೊಂಡ ಶಕ್ತಿಯನ್ನೇ ಅಳೆಯುವ ‘ರ‍್ಯಾಡ್’ ಏಕಮಾನ ಬಂತು. 1975ರಲ್ಲಿ ಬ್ರಿಟಿಷ್ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರಿನ ‘ಗ್ರೇ’ ಬಂತು. ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಸ್ತನ ಕ್ಯಾನ್ಸರ್‌ಗೆ 15 ದಿನಗಳಲ್ಲಿ ಒಟ್ಟು 40 ಗ್ರೇ ಕೊಡುವ ಕ್ರಮ ಇಂದು ವ್ಯಾಪಕವಾಗಿದೆ.

ಒಂದು ಗ್ರೇ ಎಷ್ಟು ಸಣ್ಣದು ಎಂದರೆ, ಅದರಿಂದ ನೀರಿನ ಬಿಸಿ ಏರುವುದು 0.00024 ಡಿಗ್ರಿ ಸೆಲ್ಸಿಯಸ್ ಮಾತ್ರ. ಮನುಷ್ಯನ ಯಾವ ಇಂದ್ರಿಯಕ್ಕೂ ಇದು ಗೊತ್ತಾಗದು. ಆದರೆ ಇಡೀ ದೇಹಕ್ಕೆ ಒಮ್ಮೆಲೇ ನಾಲ್ಕೈದು ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಬಿಸಿಯೂ ಇಲ್ಲ, ನೋವೂ ಇಲ್ಲ, ಪರಿಣಾಮ ಮಾತ್ರ ಇದೆ. ಹಾಗಾಗಿಯೇ ಅಳತೆಯ ಉಪಕರಣವನ್ನು ಬಿಟ್ಟರೆ ಇಲ್ಲಿ ಬೇರೆ ಸಾಕ್ಷಿಯಿಲ್ಲ.

ಕೋಬಾಲ್ಟ್, ಸಿಲ್ವಿಯಾ ಫೆಡೊರುಕ್ ಮತ್ತು ಅಡ್ಯಾರ್

1951ರಲ್ಲಿ ಕೆನಡಾದ ಎರಡು ಊರುಗಳಲ್ಲಿ, ಒಂಟಾರಿಯೋದ ಲಂಡನ್ ಮತ್ತು ಸಸ್ಕಟೂನ್‌ನಲ್ಲಿ, ಕೋಬಾಲ್ಟ್-60 ಯಂತ್ರದಿಂದ ಚಿಕಿತ್ಸೆ ಆರಂಭವಾಯಿತು. ಸಸ್ಕಟೂನ್‌ನಲ್ಲಿ ಹೆರಾಲ್ಡ್ ಜಾನ್ಸ್ ಅವರ ತಂಡದಲ್ಲಿ ಸಿಲ್ವಿಯಾ ಫೆಡೊರುಕ್ ಎಂಬ ಯುವತಿ ಇದ್ದರು. ಕಿರಣ ದೇಹದೊಳಗೆ ಒಂದೊಂದು ಸೆಂಟಿಮೀಟರ್ ಇಳಿದಂತೆ ಎಷ್ಟೆಷ್ಟು ಕಡಿಮೆಯಾಗುತ್ತದೆ ಎಂಬ ಅಳತೆಗಳಲ್ಲಿ ಅವರ ಶ್ರಮ ಬಹಳ. ಇಂಥ ಅಳತೆಗಳು ಮುಂದೆ ಜಗತ್ತಿನ ಕೋಬಾಲ್ಟ್ ಕೋಣೆಗಳಲ್ಲಿ ಬಳಕೆಗೆ ಬಂದವು. ಫೆಡೊರುಕ್ ಮುಂದೆ ತಮ್ಮ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಕೂಡ ಆದರು.

ಭಾರತಕ್ಕೆ ಈ ವಿದ್ಯೆ ಬಂದ ಕಥೆಯಲ್ಲಿ ಒಬ್ಬ ಆಂಧ್ರದವರಿದ್ದಾರೆ. ಕರ್ನಾಟಕದ ಗಡಿಗೆ ಹತ್ತಿರದ ಮದನಪಲ್ಲಿಯ ರಾಮಯ್ಯ ನಾಯ್ಡು ಪ್ಯಾರಿಸ್‌ನಲ್ಲಿ ಮೇರಿ ಕ್ಯೂರಿಯವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದವರು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದಾಗ ಅಲ್ಲಿನ ಭೌತವಿಜ್ಞಾನ ವಿಭಾಗವನ್ನು ಕಟ್ಟಿದವರು ಅವರೇ. ದೇಶದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಇಂದಿಗೂ ಅವರ ಹೆಸರಿನಲ್ಲಿ ಉಪನ್ಯಾಸ ಏರ್ಪಡಿಸುತ್ತದೆ. ಅಗನಂಪೂಡಿಯ ಆಸ್ಪತ್ರೆ ಅದೇ ಟಾಟಾ ಮೆಮೋರಿಯಲ್‌ನ ಕೊಂಬೆ.

ಎರಡನೆಯ ಹೆಸರು ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರದು. ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಈ ವೈದ್ಯೆ, ಮಹಿಳಾ ಸಂಘಟನೆಯೊಂದರ ನಿಧಿಯಿಂದ 1954ರಲ್ಲಿ ಮದ್ರಾಸಿನ ಅಡ್ಯಾರ್‌ನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆರಂಭಿಸಿದರು. ಮರುವರ್ಷ ಸೇರಿದ ಡಾ. ವಿ. ಶಾಂತಾ ಅಲ್ಲಿಯೇ ಬದುಕು ಸವೆಸಿದರು. 1957ರಲ್ಲಿ ಕೆನಡಾದಿಂದ ಬಂದ ಭಾರತದ ಮೊದಲ ಕೋಬಾಲ್ಟ್ ಯಂತ್ರವನ್ನು ನಿಲ್ಲಿಸಿದ್ದು ಇದೇ ಆಸ್ಪತ್ರೆಯಲ್ಲಿ. ಮಹಿಳೆಯರು ಚಂದಾ ಎತ್ತಿ ಕಟ್ಟಿದ ಸಂಸ್ಥೆಯೊಂದು ದೇಶದ ವಿಕಿರಣ ಚಿಕಿತ್ಸೆಯ ಹೊಸ ಅಧ್ಯಾಯ ತೆರೆಯಿತು ಎಂಬುದನ್ನು ನಮ್ಮಂಥ ವೇದಿಕೆಗಳು ನೆನಪಿಡಬೇಕು.

ಅದೇ ಕಾಲದಲ್ಲಿ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಕಾವಿ ಉಟ್ಟ ಒಬ್ಬ ಪ್ರಾಧ್ಯಾಪಕರು ಪರಮಾಣು ಭೌತವಿಜ್ಞಾನ ಕಲಿಸುತ್ತಿದ್ದರು. ಅವರು ಸ್ವಾಮಿ ಜ್ಞಾನಾನಂದ. ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ಹುಟ್ಟಿ, ಸಂನ್ಯಾಸ ಸ್ವೀಕರಿಸಿ, ಪ್ರಾಗ್‌ನಲ್ಲಿ ಎಕ್ಸ್-ರೇ ಕಿರಣಗಳ ಮೇಲೆ, ಬ್ರಿಟನ್ನಿನಲ್ಲಿ ಪರಮಾಣು ವಿಕಿರಣದ ಮೇಲೆ ಸಂಶೋಧನೆ ಮಾಡಿ ಬಂದವರು. ಅವರು ಕಟ್ಟಿದ ಪ್ರಯೋಗಾಲಯಕ್ಕೆ ಇಂದು ಅವರದೇ ಹೆಸರಿದೆ. ಅವರು ರೋಗಿಗಳಿಗೆ ಚಿಕಿತ್ಸೆ ಕೊಟ್ಟವರಲ್ಲ. ಆದರೆ ಕಿರಣವನ್ನು ನಂಬಿಕೆಯಿಂದಲ್ಲ, ಉಪಕರಣದಿಂದ ಅರಿಯಬೇಕು ಎಂಬ ಪಾಠ ಈ ಊರಿಗೆ ಅಂದೇ ಬಂದಿತ್ತು.

ಸರಪಳಿಯ ಕೊಂಡಿಗಳು

ಯಂತ್ರಗಳು ಹೆಚ್ಚಿದಂತೆ ಅಳೆಯಬಲ್ಲ ಜನ ಬೇಕಾದರು. 1962ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ, ಮುಂದೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎಂದರೆ ಬಾರ್ಕ್ ಎಂದು ಹೆಸರಾದ ಸಂಸ್ಥೆಯಲ್ಲಿ, ಎಂಎಸ್ಸಿ ಫಿಸಿಕ್ಸ್ ಮುಗಿಸಿದವರಿಗೆ ರೇಡಿಯಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಆರಂಭವಾಯಿತು. ದೇಶದ ಎಷ್ಟೋ ಆಸ್ಪತ್ರೆಗಳ ಮೆಡಿಕಲ್ ಫಿಸಿಸಿಸ್ಟ್‌ಗಳು ಆ ಕೋರ್ಸಿನಿಂದ ಬಂದವರು. 1983ರ ನವೆಂಬರ್ 15ರಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ಈ ಮಂಡಳಿಯ ಪರವಾನಗಿ ಇಲ್ಲದೆ, ಅರ್ಹ ಮೆಡಿಕಲ್ ಫಿಸಿಸಿಸ್ಟ್ ಇಲ್ಲದೆ ದೇಶದಲ್ಲಿ ಯಾವ ಆಸ್ಪತ್ರೆಯೂ ವಿಕಿರಣ ಚಿಕಿತ್ಸಾ ಯಂತ್ರವನ್ನು ನಡೆಸುವಂತಿಲ್ಲ.

ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಇಂದು ಅಳೆಯುವ ಒಂದು ಗ್ರೇ ನಿಜಕ್ಕೂ ಒಂದು ಗ್ರೇ ಎಂದು ಹೇಗೆ ನಂಬುವುದು? ಆಸ್ಪತ್ರೆಯ ಅಯಾನ್ ಚೇಂಬರನ್ನು ಮಾನ್ಯತೆ ಪಡೆದ ಮಾಪನ ಪ್ರಯೋಗಾಲಯಕ್ಕೆ ಕಳುಹಿಸಿ ಮಾನಕದೊಂದಿಗೆ ಹೋಲಿಸಿ ಪ್ರಮಾಣಪತ್ರ ಪಡೆದಿರುತ್ತಾರೆ. ದೇಶದ ಮಾನಕವನ್ನು ಅಂತರರಾಷ್ಟ್ರೀಯ ಮಾನಕದೊಂದಿಗೆ ಹೋಲಿಸಿರುತ್ತಾರೆ. ಹೀಗೆ ಸರಪಳಿ ಕೊಂಡಿಯಿಂದ ಕೊಂಡಿಗೆ ಹೋಗಿ, ಮೇರಿ ಕ್ಯೂರಿಯ ಕೊಳವೆಯನ್ನು ಇಟ್ಟಿದ್ದ ಅದೇ ಸೇವ್ರ್‌ನ ಕಚೇರಿಯನ್ನು ತಲುಪುತ್ತದೆ.

ಬೆಂಗಳೂರಿನ ಗಾಳಿ, ವಿಶಾಖಪಟ್ಟಣದ ಗಾಳಿ

ಅಳತೆ ನಡೆಯುವ ರೀತಿ ಹೀಗಿದೆ. ದೇಹದ ಬಹುಪಾಲು ನೀರು. ಆದ್ದರಿಂದ ರೋಗಿಯ ಬದಲು ನೀರು ತುಂಬಿದ ಪಾರದರ್ಶಕ ತೊಟ್ಟಿಯನ್ನು ಯಂತ್ರದ ಕೆಳಗೆ ಇಡುತ್ತಾರೆ. ನೀರಿನಲ್ಲಿ ನಿಗದಿತ ಆಳದಲ್ಲಿ, ಸಾಮಾನ್ಯವಾಗಿ 10 ಸೆಂಟಿಮೀಟರ್, ಪೆನ್ಸಿಲ್ ತುದಿಯಂಥ ಅಯಾನ್ ಚೇಂಬರನ್ನು ನಿಲ್ಲಿಸುತ್ತಾರೆ. ಹೆಚ್ಚು ಬಳಕೆಯ ಚೇಂಬರಿನ ಒಳಗಿರುವ ಗಾಳಿ ಕೇವಲ 0.6 ಘನ ಸೆಂಟಿಮೀಟರ್. ಇದರ ಮೂಲ ವಿನ್ಯಾಸ 1955ರಲ್ಲಿ ಬ್ರಿಟನ್ನಿನ ಫ್ರಾಂಕ್ ಫಾರ್ಮರ್ ಅವರದು. ಒಂದು ಗ್ರೇ ಡೋಸ್‌ಗೆ ಇದರಲ್ಲಿ ಹುಟ್ಟುವ ವಿದ್ಯುದಂಶ ಸುಮಾರು 20 ನ್ಯಾನೋಕೂಲಂಬ್. ಅಂದರೆ ಒಂದು ಕೂಲಂಬಿನ ಐದು ಕೋಟಿಯ ಒಂದು ಪಾಲು.

ಚೇಂಬರಿನ ಒಳಗಿನ ಗಾಳಿ ಹೊರಗಿನ ಗಾಳಿಯೊಂದಿಗೆ ಸೇರಿಕೊಂಡೇ ಇರುತ್ತದೆ. ಗಾಳಿ ತೆಳುವಾಗಿದ್ದರೆ ಕಿತ್ತುಹೋಗುವ ಎಲೆಕ್ಟ್ರಾನ್‌ಗಳೂ ಕಡಿಮೆ, ಅಂಕಿಯೂ ಕಡಿಮೆ. ಇಲ್ಲಿಯೇ ನಮ್ಮ ಎರಡು ನೆಲಗಳ ವ್ಯತ್ಯಾಸ ಬರುತ್ತದೆ. ವಿಶಾಖಪಟ್ಟಣ ಸಮುದ್ರದ ಅಂಚಿನಲ್ಲಿದೆ, ವಿಜಯವಾಡವೂ ಹೆಚ್ಚು ಎತ್ತರದಲ್ಲಿಲ್ಲ. ಎರಡೂ ಕಡೆ ಗಾಳಿಯ ಒತ್ತಡ ಸುಮಾರು 1010 ಹೆಕ್ಟೋಪ್ಯಾಸ್ಕಲ್. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಒತ್ತಡ ಸುಮಾರು 910. ಅದೇ ಯಂತ್ರ, ಅದೇ ಚೇಂಬರ್, ಅದೇ ಡೋಸ್ ಇದ್ದರೂ ಬೆಂಗಳೂರಿನಲ್ಲಿ ಅಂಕಿ ಸುಮಾರು ಶೇ. 10 ಕಡಿಮೆ ಬರುತ್ತದೆ. ಉಷ್ಣತೆ ಮೂರು ಡಿಗ್ರಿ ಏರಿದರೆ ಇನ್ನೂ ಶೇ. 1 ಕಡಿಮೆ.

ಈ ಎರಡನ್ನೂ ಸರಿಪಡಿಸುವ ಸೂತ್ರವಿದೆ. ಆದರೆ ಸೂತ್ರಕ್ಕೆ ಕೊಡುವ ಒತ್ತಡ ಯಾವುದು? ಮೊಬೈಲ್‌ನ ಹವಾಮಾನ ಆ್ಯಪ್ ಬೆಂಗಳೂರಿಗೂ 1010ರ ಆಸುಪಾಸಿನ ಅಂಕಿಯನ್ನೇ ತೋರಿಸುತ್ತದೆ. ಏಕೆಂದರೆ ಹವಾಮಾನ ವರದಿಗಳಲ್ಲಿ ಒತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ಕೊಡುವುದು ರೂಢಿ. ಆ ಅಂಕಿಯನ್ನು ನಂಬಿ ಲೆಕ್ಕ ಹಾಕಿದರೆ ಯಂತ್ರ ಕಡಿಮೆ ಕಿರಣ ಕೊಡುತ್ತಿದೆ ಎನಿಸುತ್ತದೆ, ಅದನ್ನು ತುಂಬಲು ಚಿಕಿತ್ಸೆಯ ಸಮಯ ಹೆಚ್ಚಿಸುತ್ತಾರೆ, ರೋಗಿಗೆ ಶೇ. 10ಕ್ಕೂ ಹೆಚ್ಚು ಅಧಿಕ ಡೋಸ್ ಹೋಗುತ್ತದೆ. ವಿಶಾಖಪಟ್ಟಣದಲ್ಲಿ ಇದೇ ತಪ್ಪು ಮಾಡಿದರೂ ಗೊತ್ತಾಗದಷ್ಟು ಸಣ್ಣ ವ್ಯತ್ಯಾಸ. ಅದಕ್ಕೇ ಫಿಸಿಸಿಸ್ಟ್‌ಗಳು ಚಿಕಿತ್ಸಾ ಕೋಣೆಯಲ್ಲೇ ತಮ್ಮದೇ ಬ್ಯಾರೋಮೀಟರ್ ಮತ್ತು ಥರ್ಮಾಮೀಟರ್ ಇಟ್ಟುಕೊಳ್ಳುತ್ತಾರೆ. ಕರಾವಳಿಯಲ್ಲಿ ಕಷ್ಟ ಬೇರೆ ಬಗೆಯದು. ತೇವದ ಗಾಳಿಯಲ್ಲಿ ಕೇಬಲ್ಲಿನ ತುದಿಗಳಿಗೆ ತೇವ ಹಿಡಿದರೆ ಆ ಸೂಕ್ಷ್ಮ ವಿದ್ಯುದಂಶ ಸೋರಿಹೋಗುತ್ತದೆ.

ಅಳತೆ ತಪ್ಪಿದಾಗ

1974ರಿಂದ 1976ರ ನಡುವೆ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಒಂದು ದುರಂತ ನಡೆಯಿತು. ಕೋಬಾಲ್ಟ್-60 ಪ್ರತಿ ತಿಂಗಳು ಸುಮಾರು ಶೇ. 1ರಷ್ಟು ಕ್ಷೀಣಿಸುತ್ತದೆ, 5.27 ವರ್ಷಗಳಲ್ಲಿ ಅರ್ಧವಾಗುತ್ತದೆ. ಈ ಇಳಿಕೆಯ ರೇಖೆಯನ್ನು ತಪ್ಪು ಬಗೆಯ ಗ್ರಾಫ್ ಹಾಳೆಯ ಮೇಲೆ ಎಳೆದರು. ಕಾಗದದ ಮೇಲೆ ಕಿರಣ ಬೇಗ ಬೇಗ ಕುಂದುತ್ತಾ ಹೋಯಿತು, ನಿಜದಲ್ಲಿ ಅಷ್ಟು ಕುಂದಿರಲಿಲ್ಲ. ಚಿಕಿತ್ಸೆಯ ಸಮಯ ತಿಂಗಳಿಂದ ತಿಂಗಳಿಗೆ ಬೇಕಾದುದಕ್ಕಿಂತ ಹೆಚ್ಚುತ್ತಾ ಹೋಯಿತು. ಸುಮಾರು ಎರಡು ವರ್ಷ ಯಾರೂ ಚೇಂಬರ್ ಇಟ್ಟು ಅಳೆಯಲಿಲ್ಲ. 400ಕ್ಕೂ ಹೆಚ್ಚು ರೋಗಿಗಳಿಗೆ ಅಧಿಕ ಡೋಸ್ ಹೋಯಿತು.

1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹೊಸ ಕೋಬಾಲ್ಟ್ ಹಾಕಿದ ಮೇಲೆ ಮಾಡಿದ ಅಳತೆಯಲ್ಲಿ ಸಮಯದ ಲೆಕ್ಕ ತಪ್ಪಿ, 207 ರೋಗಿಗಳಿಗೆ ಶೇ. 25 ಅಧಿಕ ಡೋಸ್ ಹೋಯಿತು. ಐದು ತಿಂಗಳ ನಂತರ ತಪ್ಪು ಸಿಕ್ಕಿದ್ದು ಆಸ್ಪತ್ರೆಯ ಒಳಗಿನವರಿಗಲ್ಲ, ದೇಶವ್ಯಾಪಿ ಹೋಲಿಕೆ ಅಳತೆಗೆ ಹೊರಗಿನಿಂದ ಬಂದವರಿಗೆ. 1996ರಲ್ಲಿ ಕೋಸ್ಟರಿಕಾದ ಸಾನ್ ಹೋಸೆಯಲ್ಲಿ 0.3 ನಿಮಿಷವನ್ನು 30 ಸೆಕೆಂಡ್ ಎಂದು ತಿಳಿದರು. ನಿಜದಲ್ಲಿ 0.3 ನಿಮಿಷ ಎಂದರೆ 18 ಸೆಕೆಂಡ್. ಈ ಸಣ್ಣ ಗೊಂದಲದಿಂದ 115 ರೋಗಿಗಳಿಗೆ ಅರ್ಧಕ್ಕಿಂತಲೂ ಹೆಚ್ಚು ಅಧಿಕ ಡೋಸ್ ಹೋಯಿತು, ಸಾವುಗಳೂ ಸಂಭವಿಸಿದವು.

ನಾನು ಎಂಟೆಕ್ ಓದಿ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವಳು. ನಮ್ಮ ವೃತ್ತಿಯವರು ಮರೆಯಬಾರದ ಹೆಸರು ಥೆರಾಕ್-25. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಈ ಯಂತ್ರದಿಂದ ಆರು ಅಪಘಾತಗಳಾದವು. ಹಿಂದಿನ ಮಾದರಿಯಲ್ಲಿ ಸಾಫ್ಟ್‌ವೇರ್ ತಪ್ಪಿದರೂ ತಡೆಯುವ ಯಾಂತ್ರಿಕ ಬೀಗಗಳಿದ್ದವು. ಹೊಸದರಲ್ಲಿ ಸಾಫ್ಟ್‌ವೇರ್ ಇದೆಯಲ್ಲ ಎಂದು ಅವನ್ನು ತೆಗೆದುಹಾಕಿದ್ದರು. ಆಪರೇಟರ್ ಪರದೆಯ ಮೇಲಿನ ವಿವರವನ್ನು ಎಂಟು ಸೆಕೆಂಡಿನ ಒಳಗೆ ತಿದ್ದಿದರೆ ಯಂತ್ರದ ಒಂದು ಭಾಗಕ್ಕೆ ಹಳೆಯ ವಿವರ, ಇನ್ನೊಂದಕ್ಕೆ ಹೊಸದು ಹೋಗುತ್ತಿತ್ತು. ಇನ್ನೂ ಭಯ ಹುಟ್ಟಿಸುವುದು ಇದು: ಕಿರಣ ಎಷ್ಟು ತೀವ್ರವಾಗಿತ್ತೆಂದರೆ ಯಂತ್ರದ ಒಳಗಿನ ಅಯಾನ್ ಚೇಂಬರ್ ಅಳೆಯಲಾರದೆ ಸೋತು, ಪರದೆಯ ಮೇಲೆ ಡೋಸ್ ಕಡಿಮೆ ಎಂದೇ ಬಂತು.

ತಯಾರಕರು ಅಧಿಕ ಡೋಸ್ ಸಾಧ್ಯವೇ ಇಲ್ಲ ಎನ್ನುತ್ತಿದ್ದಾಗ, ಟೆಕ್ಸಾಸ್‌ನ ಟೈಲರ್ ಎಂಬಲ್ಲಿ ಆಸ್ಪತ್ರೆಯ ಫಿಸಿಸಿಸ್ಟ್ ಫ್ರಿಟ್ಜ್ ಹೇಗರ್ ಮತ್ತು ಅಲ್ಲಿನ ಆಪರೇಟರ್ ಒಟ್ಟಿಗೆ ಕುಳಿತು ಅದೇ ಕೀಲಿಗಳನ್ನು ಅದೇ ವೇಗದಲ್ಲಿ ಮತ್ತೆ ಮತ್ತೆ ಒತ್ತಿ ದೋಷವನ್ನು ಮರುಸೃಷ್ಟಿಸಿದರು. ನ್ಯಾನ್ಸಿ ಲೆವೆಸನ್ ಎಂಬ ಕಂಪ್ಯೂಟರ್ ವಿಜ್ಞಾನಿ ಸಹಲೇಖಕರೊಂದಿಗೆ 1993ರಲ್ಲಿ ಬರೆದ ಇದರ ತನಿಖಾ ಲೇಖನ ಇಂದಿಗೂ ಸಾಫ್ಟ್‌ವೇರ್ ಸುರಕ್ಷತೆಯ ಪಾಠವಾಗಿ ಉಳಿದಿದೆ. ಯಂತ್ರ ತನ್ನ ಬಗ್ಗೆ ತಾನೇ ಹೇಳುವ ಅಂಕಿ ಪುರಾವೆಯಲ್ಲ ಎಂಬುದು ಅದರಿಂದ ನಾನು ಕಲಿತದ್ದು.

ಅಂಚೆಯಲ್ಲಿ ಬರುವ ಪರೀಕ್ಷಕ

ಹೊರಗಿನವರ ಪರೀಕ್ಷೆಯನ್ನು ಸಾವಿರಾರು ಆಸ್ಪತ್ರೆಗಳಿಗೆ ತಲುಪಿಸುವುದು ಹೇಗೆ? ಇದಕ್ಕೆ ಸಿಕ್ಕ ಉತ್ತರ ನನಗೆ ಬಹಳ ಇಷ್ಟ. ಲಿಥಿಯಂ ಫ್ಲೋರೈಡ್‌ನಂಥ ಕೆಲವು ಲವಣಗಳು ತಮ್ಮ ಮೇಲೆ ಬಿದ್ದ ವಿಕಿರಣವನ್ನು ನೆನಪಿಟ್ಟುಕೊಳ್ಳುತ್ತವೆ. ಆಮೇಲೆ ಬಿಸಿ ಮಾಡಿದರೆ ಅಷ್ಟಕ್ಕೆ ತಕ್ಕ ಬೆಳಕನ್ನು ಹೊರಚೆಲ್ಲುತ್ತವೆ. ಇದರ ಹೆಸರು ಟಿಎಲ್‌ಡಿ. 1969ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಈ ಪುಡಿ ತುಂಬಿದ ಪುಟ್ಟ ಕ್ಯಾಪ್ಸೂಲ್‌ಗಳನ್ನು ಅಂಚೆಯಲ್ಲಿ ಆಸ್ಪತ್ರೆಗಳಿಗೆ ಕಳುಹಿಸತೊಡಗಿದವು. ಆಸ್ಪತ್ರೆಯವರು ಅದನ್ನು ನೀರಿನಲ್ಲಿಟ್ಟು ತಮ್ಮ ಲೆಕ್ಕದ ಪ್ರಕಾರ 2 ಗ್ರೇ ಕೊಟ್ಟು ಹಿಂದಿರುಗಿಸಬೇಕು. ಅಲ್ಲಿ ಬಿಸಿ ಮಾಡಿ ನೋಡಿದಾಗ ನಿಜವಾಗಿ ಎಷ್ಟು ಬಿದ್ದಿತ್ತು ಎಂಬುದು ಹೊರಬರುತ್ತದೆ. ವ್ಯತ್ಯಾಸ ಶೇ. 5ರ ಒಳಗಿರಬೇಕು.

ಆರಂಭದ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಆಸ್ಪತ್ರೆಗಳು ಮಾತ್ರ ಈ ಮಿತಿಯೊಳಗೆ ಬಂದವು. ಇಂದು ಬಹುಪಾಲು ಎಲ್ಲವೂ ಬರುತ್ತವೆ. ಯಂತ್ರಗಳು ಉತ್ತಮವಾದದ್ದು ನಿಜ, ಜೊತೆಗೆ ಹೊರಗಿನವರು ಅಳೆಯುತ್ತಾರೆ ಎಂಬುದೂ ಒಳಗಿನವರನ್ನು ಎಚ್ಚರದಲ್ಲಿ ಇಟ್ಟಿತು. ಭಾರತದಲ್ಲಿ ಬಾರ್ಕ್ 1976ರಿಂದ ಇದೇ ರೀತಿಯ ಅಂಚೆ ಪರೀಕ್ಷೆ ನಡೆಸುತ್ತಿದೆ.

ಶೇ. 5 ಎಂಬ ಗೆರೆ ಏಕೆ? ಗರ್ಭಕಂಠದ ಕ್ಯಾನ್ಸರನ್ನು ನೋಡಿ. ನಮ್ಮ ದೇಶದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ನಂತರ ಹೆಚ್ಚು ಕಾಣುವುದು ಇದೇ, ಮುಂದುವರಿದ ಹಂತದಲ್ಲಿ ಇದಕ್ಕೆ ಮುಖ್ಯ ಚಿಕಿತ್ಸೆ ವಿಕಿರಣ. ಗೆಡ್ಡೆಯ ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ನಡುವೆ ಅಂತರ ಮಿಲಿಮೀಟರುಗಳಲ್ಲಿ. ಡೋಸ್ ಕಡಿಮೆಯಾದರೆ ರೋಗ ಮರಳುತ್ತದೆ, ಹೆಚ್ಚಾದರೆ ರೋಗ ಹೋದ ಮೇಲೂ ಆ ಅಂಗಗಳ ನೋವು ವರ್ಷಗಟ್ಟಲೆ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ಅಂದೇ ತಿಳಿಯುವುದಿಲ್ಲ.

ಇಂದು

ಬಾರ್ಕ್ ರೂಪಿಸಿದ ಸ್ವದೇಶಿ ಕೋಬಾಲ್ಟ್ ಯಂತ್ರ ‘ಭಾಭಾಟ್ರಾನ್’ ತಯಾರಾಗುವುದು ನಮ್ಮ ಬೆಂಗಳೂರಿನ ಪನೇಸಿಯಾ ಸಂಸ್ಥೆಯಲ್ಲಿ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಲೀನಿಯರ್ ಆಕ್ಸಲರೇಟರ್ ಯಂತ್ರಗಳಿವೆ. ಅವುಗಳಲ್ಲಿ ಕಿರಣದ ಆಕಾರವನ್ನು ಕಂಪ್ಯೂಟರ್ ಕ್ಷಣಕ್ಷಣವೂ ಬದಲಿಸುತ್ತದೆ. ಅಂದರೆ ತಪ್ಪಿಗೆ ಅವಕಾಶವಿರುವ ಜಾಗಗಳೂ ಹೆಚ್ಚು. ಆದ್ದರಿಂದ ಬೆಳಗ್ಗೆ ಮೊದಲ ರೋಗಿ ಬರುವ ಮುನ್ನ ಕಿರಣದ ಪ್ರಮಾಣ ಶೇ. 3ರ ಒಳಗಿದೆಯೇ ಎಂದು ನೋಡಬೇಕು, ತಿಂಗಳಿಗೊಮ್ಮೆ ಶೇ. 2ರ ಒಳಗೆ, ವರ್ಷಕ್ಕೊಮ್ಮೆ ನೀರಿನ ತೊಟ್ಟಿಯಲ್ಲಿ ಶೇ. 1ರ ಒಳಗೆ. ಸಂಕೀರ್ಣ ಚಿಕಿತ್ಸೆಯಾದರೆ ರೋಗಿಯನ್ನು ಮಲಗಿಸುವ ಮುನ್ನವೇ ಅವರ ಯೋಜನೆಯನ್ನು ಖಾಲಿ ಮೇಜಿನ ಮೇಲೆ ಅಳತೆಯ ಫಲಕವಿಟ್ಟು ನಡೆಸಿ, ಲೆಕ್ಕ ಮತ್ತು ಅಳತೆ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಈ ಕೆಲಸಗಳೆಲ್ಲ ಹೆಚ್ಚಾಗಿ ನಡೆಯುವುದು ರೋಗಿಗಳು ಬರುವ ಮುನ್ನ ಅಥವಾ ಹೋದ ಮೇಲೆ. ಹಾಗಾಗಿ ಮೆಡಿಕಲ್ ಫಿಸಿಸಿಸ್ಟ್‌ನ ಮುಖವನ್ನು ನಾವು ನೋಡುವುದೇ ಕಡಿಮೆ.

ನಮ್ಮ ಮನೆಯವರಿಗೋ ಪರಿಚಯದವರಿಗೋ ವಿಕಿರಣ ಚಿಕಿತ್ಸೆ ಬೇಕಾದಾಗ ಯಂತ್ರ ಯಾವ ಕಂಪನಿಯದು, ಎಷ್ಟು ಹೊಸದು ಎಂದು ವಿಚಾರಿಸುತ್ತೇವೆ. ಅದರ ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳೋಣ: ಇಲ್ಲಿನ ಮೆಡಿಕಲ್ ಫಿಸಿಸಿಸ್ಟ್ ಯಾರು? ಯಂತ್ರದ ಡೋಸನ್ನು ಕೊನೆಯ ಬಾರಿ ಅಳೆದದ್ದು ಯಾವಾಗ? ಹೊರಗಿನವರು ಅದನ್ನು ಪರೀಕ್ಷಿಸಿದ್ದಾರೆಯೇ? ಒಳ್ಳೆಯ ಆಸ್ಪತ್ರೆಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಉತ್ತರ ಅವರ ದಾಖಲೆಯಲ್ಲೇ ಇರುತ್ತದೆ. ಇದು ಅನುಮಾನವೂ ಅಲ್ಲ. ಮೇರಿ ಕ್ಯೂರಿಯ ಕೊಳವೆಯನ್ನೇ ಹೋಲಿಸಿ ನೋಡಿದ ಮೇಲೆ ಉಳಿದವರದ್ದೇನು?

ಕೊನೆಗೆ ನಮ್ಮ ಸಂಘದ ಹೆಣ್ಣುಮಕ್ಕಳಿಗೆ ಒಂದು ಮಾತು. ಫಿಸಿಕ್ಸ್ ಇಷ್ಟ, ಆದರೆ ಮುಂದೇನು ಎಂದು ಕೇಳುವವರು ಮನೆಮನೆಯಲ್ಲೂ ಇದ್ದಾರೆ. ಎಂಎಸ್ಸಿ ಫಿಸಿಕ್ಸ್ ನಂತರ ಬಾರ್ಕ್‌ನ ಡಿಪ್ಲೊಮಾ ಇದೆ, ಮಣಿಪಾಲದಂಥ ಕಡೆ ಇದಕ್ಕೆ ಸಂಬಂಧಿಸಿದ ಸ್ನಾತಕೋತ್ತರ ಕೋರ್ಸ್ ಇದೆ. ಕ್ವಿಂಬಿ, ಫೆಡೊರುಕ್ ಅವರ ದಾರಿ ಇಂದಿಗೂ ತೆರೆದಿದೆ. ವಿಶಾಖಪಟ್ಟಣಕ್ಕಾಗಲಿ, ವಿಜಯವಾಡಕ್ಕಾಗಲಿ, ನಮ್ಮ ಬೆಂಗಳೂರಿಗಾಗಲಿ, ಬೆಳಗ್ಗೆ ಮೊದಲ ರೋಗಿಗಿಂತ ಮುಂಚೆ ಬಂದು ಅಳೆಯುವವರು ಬೇಕಾಗಿದ್ದಾರೆ.